ಬಣ್ಣ ಕೆಟ್ಟರೆ ಮೇಲೊಂದು ಕೋಟ್ ಹೊಡೆಯಬೇಡಿ: ಮೊದಲ ಮಾಡೆಲ್ ರಾಕೆಟ್‌ನ ದೋಷ ಹುಡುಕುವ ಬಗೆ

ಕಳೆದ ಶ್ರಾವಣದಲ್ಲಿ ಅಕ್ಕನ ಮಗಳು ಹಾವೇರಿಯಿಂದ ಧಾರವಾಡದ ನಮ್ಮ ಮನೆಗೆ ಬಂದಳು. ಕೈಯಲ್ಲಿ ಒಂದು ಚಪ್ಪಲಿ ಡಬ್ಬಿ. ಅದರೊಳಗೆ ಹಳೆಯ ಧೋತರದ ತುಂಡಿನಲ್ಲಿ ಸುತ್ತಿದ ಮಾಡೆಲ್ ರಾಕೆಟ್. ಎಂಟನೇ ಕ್ಲಾಸಿನ ಹುಡುಗಿ ಒಬ್ಬಳೇ ಕೂತು ಕಟ್ಟಿದ ಮೊದಲ ಕಿಟ್ ಅದು. ಪಡಸಾಲೆಯಲ್ಲಿ ಬಿಚ್ಚಿಟ್ಟು, "ಮಾಮಾ, ಬಣ್ಣ ಕೆಟ್ಟೈತಿ. ಇದರ ಮ್ಯಾಲೆ ಇನ್ನೊಂದು ಕೋಟ್ ಹೊಡದ್ರ ಮುಚ್ಚತೈತಲ್ಲ?" ಅಂದಳು.

ಕಿಟಕಿಯ ಹತ್ತಿರ ತಂದು ನೋಡಿದೆ. ಕೊಳವೆಯ ಕೆಂಪು ಬಣ್ಣದ ಮೇಲೆ ಹಾಲು ಚೆಲ್ಲಿ ಒರೆಸಿದಂತೆ ಬಿಳಿ ಮಸುಕು. ಮೂರು ರೆಕ್ಕೆಗಳಲ್ಲಿ ಒಂದರ ಮೇಲೆ ಬಣ್ಣ ಬ್ಯಾಡಗಿ ಮೆಣಸಿನಕಾಯಿಯ ಸಿಪ್ಪೆಯ ಹಾಗೆ ಸುಕ್ಕುಗಟ್ಟಿತ್ತು. ಮೂತಿ ಎಳೆದರೂ ಬರಲಿಲ್ಲ. ಮೂರು ದೋಷ. ಇನ್ನೊಂದು ಕೋಟ್ ಹೊಡೆದಿದ್ದರೆ ಮೂರೂ ಜಾಸ್ತಿ ಆಗುತ್ತಿದ್ದವು.

ನಾಲ್ಕೈದು ವರ್ಷದಿಂದ ಓಣಿಯ ಮಕ್ಕಳ ಜೊತೆ ಕೂತು ಇಂಥ ಕಿಟ್ ಕಟ್ಟುತ್ತಿದ್ದೇನೆ. ಅದರಿಂದ ನನಗೆ ಖಾತ್ರಿಯಾದದ್ದು ಒಂದೇ ಸಂಗತಿ. ದೋಷ ಕಾಣುವ ಜಾಗ ಬೇರೆ, ಹುಟ್ಟುವ ಜಾಗ ಬೇರೆ. ಬಣ್ಣದಲ್ಲಿ ಕಂಡದ್ದು ಅದರ ಕೆಳಗೆ ಮೊದಲು ಹೊಡೆಯುವ ಪ್ರೈಮರ್‌ನಲ್ಲಿ ಹುಟ್ಟಿರುತ್ತದೆ. ಪ್ರೈಮರ್‌ನಲ್ಲಿ ಕಂಡದ್ದು ಕಟ್ಟಿಗೆಯಲ್ಲಿ. ಹಾರುವಾಗ ಕಂಡದ್ದು ಅಂಟು ಹಚ್ಚಿದ ಸಂಜೆಯಲ್ಲಿ. ಹಾಗಾಗಿ ಮೇಲಿನಿಂದ ಕೆಳಗೆ, ಒಂದೊಂದೇ ಪದರ ಇಳಿದು ಹುಡುಕಬೇಕು. ನಾನು ಇಲ್ಲಿ ಹಾಗೇ ಹೋಗುತ್ತೇನೆ.

ಕಿಟ್ ಹೊಸದಾಗಿ ತಂದವರಿಗೆ ಎರಡು ಮಾತು. ಒಳಗೆ ಸುರುಳಿ ಸುತ್ತಿದ ಕಾಗದದ ಕೊಳವೆ, ಪ್ಲಾಸ್ಟಿಕ್ ಅಥವಾ ಬಾಲ್ಸಾ ಅನ್ನುವ ಹಗುರ ಕಟ್ಟಿಗೆಯ ಮೂತಿ, ಬಾಲ್ಸಾದ ಮೂರೋ ನಾಲ್ಕೋ ರೆಕ್ಕೆ, ಮೋಟಾರ್ ಕೂರುವ ಸಣ್ಣ ನಳಿಕೆ, ಅದನ್ನು ದೊಡ್ಡ ಕೊಳವೆಯ ನಡುವೆ ಹಿಡಿದಿಡುವ ಕಾಗದದ ಉಂಗುರಗಳು, ರಬ್ಬರ್ ದಾರ, ಪ್ಲಾಸ್ಟಿಕ್ ಪ್ಯಾರಾಚೂಟ್ ಇರುತ್ತವೆ. ಲಾಂಚ್ ರಾಡ್ (ರಾಕೆಟ್ ನೇರ ಏರಲೆಂದು ನಿಲ್ಲಿಸುವ ಕಂಬಿ) ಹಾಯಲು ಪಕ್ಕದಲ್ಲಿ ಅಂಟಿಸುವ ಸ್ಟ್ರಾದಂಥ ನಳಿಗೆಗೆ ಲಾಂಚ್ ಲಗ್ ಅನ್ನುತ್ತಾರೆ.

ಮೋಟಾರಿನ ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ. ಸಣ್ಣ ಕಿಟ್‌ಗಳ ಮೋಟಾರ್ 18 ಮಿಲಿಮೀಟರ್ ದಪ್ಪ, 70 ಮಿಲಿಮೀಟರ್ ಉದ್ದ. ಒಳಗಿರುವುದು ಮದ್ದು. ನಮ್ಮಲ್ಲಿ ಸ್ಫೋಟಕಗಳಿಗೆ 1884ರ ಕಾಯ್ದೆ ಇದೆ, 2008ರ ನಿಯಮಗಳಿವೆ. ಲೈಸೆನ್ಸ್ ಇದ್ದವರ ಮೂಲಕ, ಅನುಮತಿ ಪಡೆದು, ತಿಳಿದವರ ಎದುರಿಗೆ ಮಾತ್ರ ಹಾರಿಸಬೇಕು. ದೀಪಾವಳಿ ಪಟಾಕಿಯ ಮದ್ದು ಬಿಚ್ಚಿ ಕೊಳವೆಗೆ ತುಂಬುವ ಯೋಚನೆ ಮಕ್ಕಳಿಗೆ ಬಂದೇ ಬರುತ್ತದೆ. ಬೇಡ ಅಂತ ಕೂಡಿಸಿಕೊಂಡು ಹೇಳಿ. ಹುಬ್ಬಳ್ಳಿಯಲ್ಲಿ ಗೋಕುಲ ರಸ್ತೆಯ ಕಡೆ ವಿಮಾನ ನಿಲ್ದಾಣವಿದೆ, ಅದರ ಸುತ್ತಮುತ್ತ ಹಾರಿಸುವ ಮಾತೇ ಇಲ್ಲ. ಮೋಟಾರ್ ಇಲ್ಲದೆಯೂ ಈ ಕೆಲಸ ಪೂರ್ತಿ ಕಲಿಯಬಹುದು. ಕೆಳಗಿನ ಪರೀಕ್ಷೆಗಳಲ್ಲಿ ಒಂದಕ್ಕೂ ಬೆಂಕಿ ಬೇಡ.

ಮೊದಲು ನೋಡಿ, ಆಮೇಲೆ ಮುಟ್ಟಿ

ಟ್ಯೂಬ್‌ಲೈಟ್ ಕೆಳಗೆ ನೋಡಬೇಡಿ. ಹಗಲು ಹೊತ್ತು ಕಿಟಕಿಯ ಪಕ್ಕ ರಾಕೆಟನ್ನು ಅಡ್ಡ ಹಿಡಿದು, ಬೆಳಕು ಓರೆಯಾಗಿ ಬೀಳುವಂತೆ ನಿಧಾನ ತಿರುಗಿಸಿ. ಉಬ್ಬು ತಗ್ಗು ಎಲ್ಲ ಎದ್ದು ಕಾಣುತ್ತದೆ. ಆಮೇಲೆ ಬೆರಳ ತುದಿಯಿಂದ ಸವರಿ. ಕಣ್ಣಿಗೆ ಒಂದೇ ತರ ಕಾಣುವ ಎರಡು ದೋಷ ಬೆರಳಿಗೆ ಬೇರೆಬೇರೆ ಅನ್ನಿಸುತ್ತವೆ. ಕೊನೆಗೆ ಬಾಲದ ಕಡೆಯಿಂದ ಒಂದು ಕಣ್ಣು ಮುಚ್ಚಿ ಉದ್ದಕ್ಕೆ ನೋಡಿ. ರೆಕ್ಕೆ ಸೊಟ್ಟಗಿದ್ದರೆ ಅಲ್ಲೇ ಸಿಕ್ಕಿಬೀಳುತ್ತದೆ.

ಬಿಳಿ ಮಸುಕು

ಮೊದಲು ಒದ್ದೆ ಬಟ್ಟೆಯಿಂದ ಒರೆಸಿ. ಹೋದರೆ ಅದು ಧೂಳು. ಹೋಗದಿದ್ದರೆ ಬೆರಳಿಂದ ಸವರಿ. ಮೇಲ್ಮೈ ಒರಟಾಗಿ, ಸಣ್ಣ ರವೆ ಉದುರಿಸಿದಂತಿದ್ದರೆ ಬಣ್ಣ ಗಾಳಿಯಲ್ಲೇ ಒಣಗಿ ಬಂದು ಕೂತಿದೆ. ಅದರ ಮಾತು ಮುಂದೆ ಬರುತ್ತದೆ. ನುಣ್ಣಗಿದ್ದೂ ಹಾಲಿನ ಬಣ್ಣ ಇದ್ದರೆ ಅದು ತೇವ.

ತಣ್ಣೀರು ತುಂಬಿದ ತಂಬಿಗೆಯ ಹೊರಗೆ ಬೆವರು ಕೂರುತ್ತದಲ್ಲ, ಇದೂ ಅದೇ. ಸ್ಪ್ರೇ ಡಬ್ಬಿಯ ಲ್ಯಾಕರ್ ಅಂದರೆ ಬೇಗ ಒಣಗುವ ಬಣ್ಣ. ಅದನ್ನು ತೆಳುವಾಗಿಡುವ ಥಿನ್ನರ್ ಬೇಗ ಆವಿಯಾಗುತ್ತದೆ. ಆವಿಯಾಗುವಾಗ ಮೇಲ್ಮೈ ತಣ್ಣಗಾಗುತ್ತದೆ. ಸುತ್ತಲಿನ ಗಾಳಿ ಹಸಿಯಾಗಿದ್ದರೆ ಆ ತಣ್ಣನೆ ಮೇಲ್ಮೈ ಮೇಲೆ ನೀರು ಕಟ್ಟಿ, ಬಣ್ಣ ಒಣಗುವಾಗ ಒಳಗೇ ಸಿಕ್ಕಿಕೊಳ್ಳುತ್ತದೆ. ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಹಪ್ಪಳವೇ ಮೆತ್ತಗಾಗುತ್ತದೆ, ಬಣ್ಣ ಹೇಗೆ ಉಳಿದೀತು? ಹುಡುಗಿಯನ್ನು ಕೇಳಿದೆ. ಹಾವೇರಿಯಲ್ಲಿ ಮಳೆ ನಿಂತ ಅರ್ಧ ತಾಸಿಗೆ ಹಿತ್ತಲಲ್ಲಿ ಹೊಡೆದಿದ್ದಳು. ಮಳೆ ನಿಂತಿತ್ತು, ಗಾಳಿ ಒಣಗಿರಲಿಲ್ಲ.

ಮಸುಕು ತೆಳ್ಳಗಿದ್ದರೆ ಕಾಯುವುದೇ ಮದ್ದು. ಬಿಸಿಲು ಬಿದ್ದ ಒಣ ದಿನ ನೋಡಿ, ಅದೇ ಡಬ್ಬಿಯ ಬಣ್ಣವನ್ನು ತೀರ ತೆಳುವಾಗಿ ಒಂದು ಸಲ ಬೀಸಿ. ಕೆಳಗಿನ ಪದರ ಸ್ವಲ್ಪ ಮೆತ್ತಗಾಗಿ, ಸಿಕ್ಕಿಕೊಂಡ ತೇವ ಹೊರಗೆ ಹೋಗುತ್ತದೆ. ದಟ್ಟ ಮಸುಕಾದರೆ ಪೂರ್ತಿ ಒಣಗಿಸಿ, 600 ನಂಬರಿನ ಉಜ್ಜುಕಾಗದ, ಅಂದರೆ ವಾಟರ್ ಪೇಪರ್‌ನಿಂದ ತಿಕ್ಕಿ, ಮತ್ತೆ ಹೊಡೆಯಬೇಕು. ಹೆಸರು ವಾಟರ್ ಪೇಪರ್ ಅಂತ ನೀರು ಸುರಿಯಬೇಡಿ. ಕೆಳಗಿರುವುದು ಕಾಗದದ ಕೊಳವೆ. ಪೇಪರನ್ನು ಅದ್ದಿ ಝಾಡಿಸಿ, ಬರೀ ಒದ್ದೆಯಷ್ಟೇ ಇಟ್ಟುಕೊಳ್ಳಿ. ಕೊಳವೆಯ ಬಾಯಿಯ ಅಂಚಿಗೆ ನೀರು ತಾಗಿದರೆ ಅದು ಅವಲಕ್ಕಿಯಂತೆ ಉಬ್ಬುತ್ತದೆ.

ಮಳೆಗಾಲದಲ್ಲಿ ಬಣ್ಣ ಹೊಡೆಯಲೇಬೇಕಾದರೆ ಮಧ್ಯಾಹ್ನ ಬಿಸಿಲು ಬಿದ್ದ ಎರಡು ಮೂರು ತಾಸು ಹಿಡಿಯಿರಿ. ನವೆಂಬರ್‌ನಿಂದ ಫೆಬ್ರುವರಿಯ ಒಣ ಗಾಳಿ ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು. ಆಗಲೂ ಬೆಳಗಿನ ಇಬ್ಬನಿ ಆರಲಿ. ಡಬ್ಬಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಐದು ನಿಮಿಷ ಇಟ್ಟರೆ ಬಣ್ಣ ಸಣ್ಣ ಹನಿಯಾಗಿ ಬರುತ್ತದೆ. ಕೈ ಇಟ್ಟರೆ ಹಿತ ಅನ್ನಿಸುವಷ್ಟೇ ಬಿಸಿ ಸಾಕು. ಒಲೆಯ ಹತ್ತಿರ ಒಯ್ಯುವಂತಿಲ್ಲ. ಒತ್ತಡದ ಡಬ್ಬಿ ಅದು, 50 ಡಿಗ್ರಿ ದಾಟಿಸಬೇಡಿ ಅಂತ ಅದರ ಮೇಲೇ ಬರೆದಿರುತ್ತದೆ.

ಸುಕ್ಕು

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಮಕ್ಕಳು ಕಣ್ಣೀರು ಹಾಕುವ ದೋಷ ಇದೇ. ಹತ್ತು ನಿಮಿಷದ ಹಿಂದೆ ಕನ್ನಡಿಯಂತೆ ಹೊಳೆಯುತ್ತಿದ್ದ ಬಣ್ಣ ನೋಡನೋಡುತ್ತ ಮುದುಡುತ್ತದೆ.

ಒಣಗುವಾಗ ಮೇಲೆ ಮೊದಲು ಸಿಪ್ಪೆ ಕಟ್ಟುತ್ತದೆ, ಒಳಗೆ ಇನ್ನೂ ಮೆತ್ತಗಿರುತ್ತದೆ. ಕಾಯಿಸಿಟ್ಟ ಹಾಲಿನ ಕೆನೆ ನೆನೆಸಿಕೊಳ್ಳಿ. ಅಂಥ ಹೊತ್ತಿನಲ್ಲಿ ಮೇಲೆ ಇನ್ನೊಂದು ಕೋಟ್ ಬಿದ್ದರೆ ಅದರ ಥಿನ್ನರ್ ಸಿಪ್ಪೆ ದಾಟಿ ಕೆಳಗಿಳಿಯುತ್ತದೆ. ಕೆಳಗಿನ ಅರೆಬೆಂದ ಪದರ ಉಬ್ಬುತ್ತದೆ. ಉಬ್ಬಿದ್ದಕ್ಕೆ ಅಗಲ ಸಾಲದೆ ಮಡಿಚಿಕೊಳ್ಳುತ್ತದೆ. ಅದೇ ಸುಕ್ಕು.

ಬಾಗಿಲು, ಕಿಟಕಿಗೆ ಹಚ್ಚುವ, ನಿಧಾನ ಒಣಗುವ ಎನಾಮಲ್ ಬಣ್ಣದಲ್ಲಿ ಇದು ಹೆಚ್ಚು. ಎಷ್ಟೋ ಡಬ್ಬಿಗಳ ಹಿಂದೆ ಸಣ್ಣ ಅಕ್ಷರದಲ್ಲಿ, ಎರಡನೇ ಕೋಟನ್ನು ಇಷ್ಟು ಹೊತ್ತಿನೊಳಗೆ ಹೊಡೆಯಿರಿ, ಇಲ್ಲವೇ ಇಷ್ಟು ಹೊತ್ತು ಬಿಟ್ಟು ಹೊಡೆಯಿರಿ ಅಂತ ಇರುತ್ತದೆ. ನಡುವಿನ ಸಮಯದಲ್ಲಿ ಮುಟ್ಟಬಾರದು. ಆ ಸಾಲು ಓದದೇ ಯಾರೂ ಡಬ್ಬಿ ಕುಲುಕಬಾರದು ಅನ್ನುವುದು ನಮ್ಮ ಮನೆಯ ಕಟ್ಟಳೆ. ಒಳಗೆ ಒಣಗಿದೆಯೋ ಇಲ್ಲವೋ ತಿಳಿಯಲು ಮೂಗು ಸಾಕು. ಒಂದು ಗೇಣು ದೂರದಿಂದ ವಾಸನೆ ನೋಡಿ. ಥಿನ್ನರ್ ವಾಸನೆ ಬರುತ್ತಿದ್ದರೆ ಒಳಗೆ ಇನ್ನೂ ಹಸಿ ಇದೆ.

ಇನ್ನೊಂದು ಕಾರಣ ಎರಡು ಜಾತಿಯ ಬಣ್ಣ ಬೆರೆಸುವುದು. ಕೆಳಗೆ ಎನಾಮಲ್, ಮೇಲೆ ಲ್ಯಾಕರ್ ಬಿದ್ದರೆ ಲ್ಯಾಕರ್‌ನ ಖಡಕ್ ಥಿನ್ನರ್ ಎನಾಮಲ್ಲನ್ನು ಎಬ್ಬಿಸಿಬಿಡುತ್ತದೆ. ಕೆಳಗೆ ಚೆನ್ನಾಗಿ ಒಣಗಿದ ಲ್ಯಾಕರ್ ಇದ್ದು ಮೇಲೆ ಎನಾಮಲ್ ಬಂದರೆ ಸಾಮಾನ್ಯವಾಗಿ ತೊಂದರೆಯಿಲ್ಲ. ನಮ್ಮ ಹುಡುಗಿಯ ರಾಕೆಟ್‌ನಲ್ಲಿ ಒಂದೇ ರೆಕ್ಕೆ ಸುಕ್ಕಾಗಿದ್ದು ಯಾಕೆ? ಇದೇ ನನಗೆ ತಲೆ ತಿಂದದ್ದು. ಬಣ್ಣ ಒಂದೇ, ದಿನ ಒಂದೇ, ಕೈ ಒಂದೇ. ಹಾಗಿದ್ದರೆ ಬೇರೆ ಇರುವುದು ಕೆಳಗೆ.

ಆ ರೆಕ್ಕೆಯ ಅಂಚಿನಲ್ಲಿ ಉಗುರಿನಷ್ಟು ಜಾಗ ನಿಧಾನವಾಗಿ ತಿಕ್ಕಿದೆವು. ಕೆಂಪು ಹೋಯಿತು. ಅದರ ಕೆಳಗೆ ಬೂದು ಪ್ರೈಮರ್ ಬರಬೇಕಿತ್ತು. ಬಂದದ್ದು ಕೆನೆ ಬಣ್ಣದ ಗೆರೆ, ಆಮೇಲೆ ಪ್ರೈಮರ್. ಕೆನೆ ಬಣ್ಣ ಎಲ್ಲಿಂದ ಬಂತು? ಸ್ವಲ್ಪ ಹೊತ್ತು ಸುಮ್ನೆ ಕೂತವಳು ಆಮೇಲೆ ಹೇಳಿದಳು. ರೆಕ್ಕೆಗೆ ಒಂದು ತರಚು ಬಿದ್ದಿತ್ತು. ಅವರಪ್ಪ ಕಿಟಕಿಯ ಗ್ರಿಲ್‌ಗೆ ಹಚ್ಚಿ ಉಳಿಸಿದ್ದ ಎನಾಮಲ್ ಅನ್ನು ಬ್ರಷ್‌ನಿಂದ ತಗೊಂಡು ಅಲ್ಲಿ ಹಚ್ಚಿದ್ದಳು. ಮರುದಿನ ಅದರ ಮೇಲೆ ಲ್ಯಾಕರ್ ಹೊಡೆದಿದ್ದಳು. ಎರಡೂ ತಪ್ಪು ಒಂದೇ ಜಾಗದಲ್ಲಿ ಕೂಡಿದ್ದವು: ಅರೆ ಒಣಗಿದ ಎನಾಮಲ್, ಮೇಲೆ ಲ್ಯಾಕರ್. ಆದರೆ ತರಚನ್ನು ಮುಚ್ಚದೆ ಬಿಡಲು ಅವಳಿಗೆ ಮನಸ್ಸು ಬರಲಿಲ್ಲ ಅನ್ನುವುದೂ ಅದರಲ್ಲೇ ಇತ್ತಲ್ಲ. ಅಂಥ ಕೈ ಕಲಿಯುತ್ತದೆ.

ಕೆಳಗಿರುವ ಬಣ್ಣ ಯಾವ ಜಾತಿ ಅಂತ ನೆನಪಿಲ್ಲದಿದ್ದರೆ ಕಾಣದ ಮೂಲೆಯಲ್ಲಿ ಎನ್‌ಸಿ ಥಿನ್ನರ್ (ಲ್ಯಾಕರ್ ತೆಳುವಾಗಿಸುವ ಥಿನ್ನರ್) ಅದ್ದಿದ ಹತ್ತಿಯಿಂದ ಒತ್ತಿ ನೋಡಿ. ಬಣ್ಣ ಕರಗಿ ಹತ್ತಿಗೆ ಬಂದರೆ ಲ್ಯಾಕರ್. ಉಬ್ಬಿ ಮುದುಡಿದರೆ ಎನಾಮಲ್. ಇದನ್ನು ದೊಡ್ಡವರು, ಗಾಳಿಯಾಡುವ ಕಡೆ, ಒಲೆ ಮತ್ತು ದೇವರ ದೀಪದಿಂದ ದೂರ ಮಾಡಬೇಕು. ಪ್ಲಾಸ್ಟಿಕ್ ಮೂತಿಗೆ ಈ ಪರೀಕ್ಷೆ ಮಾಡಬೇಡಿ, ಪ್ಲಾಸ್ಟಿಕ್ಕೇ ಕರಗಬಹುದು.

ಸುಕ್ಕಿಗೆ ಪರಿಹಾರ ತಾಳ್ಮೆ ಒಂದೇ. ತಕ್ಷಣ ತಿಕ್ಕಿದರೆ ಬಣ್ಣ ರಬ್ಬರಿನಂತೆ ಉಂಡೆ ಕಟ್ಟಿ ಪೇಪರಿಗೆ ಮೆತ್ತುತ್ತದೆ. ಒಂದು ವಾರ ಬಿಡಿ. ಉಗುರಿನಿಂದ ಒತ್ತಿದರೆ ಗುರುತು ಬೀಳಬಾರದು. ಆಮೇಲೆ 320 ನಂಬರಿನ ಪೇಪರನ್ನು ಸಣ್ಣ ಕಟ್ಟಿಗೆ ತುಂಡಿಗೆ ಸುತ್ತಿ, ಸಮನಾಗುವವರೆಗೆ ತಿಕ್ಕಿ. ಪ್ರೈಮರ್, ಮತ್ತೆ ಒಂದು ದಿನ, ಮತ್ತೆ ತೆಳು ಬಣ್ಣ.

ಉಳಿದ ಬಣ್ಣದ ದೋಷಗಳು

ಬಣ್ಣ ಹನಿಯಾಗಿ ಇಳಿದಿದ್ದರೆ ಕೈ ನಿಂತಿದೆ, ಇಲ್ಲವೇ ತೀರ ಹತ್ತಿರ ಬಂದಿದೆ. ಡಬ್ಬಿ 20ರಿಂದ 30 ಸೆಂಟಿಮೀಟರ್ ದೂರ ಇರಲಿ. ರಾಕೆಟ್‌ನ ಆಚೆ ಶುರು ಮಾಡಿ ಈಚೆ ದಾಟಿಸಿ ನಿಲ್ಲಿಸಿ. ಇಳಿದ ಹನಿಯನ್ನು ಹಸಿ ಇದ್ದಾಗ ಬೆರಳಿಂದ ಒರೆಸಬೇಡಿ, ಒಣಗಿದ ಮೇಲೆ ತಿಕ್ಕಿ.

ಒರಟು ರವೆಯಂತಿದ್ದರೆ ಉಲ್ಟಾ. ದೂರ ಜಾಸ್ತಿ, ಬಿಸಿಲು ಜಾಸ್ತಿ, ಗಾಳಿ ಜಾಸ್ತಿ. ಗದಗಿನ ಮಾರ್ಚ್ ಮಧ್ಯಾಹ್ನ ಇದಕ್ಕೆ ಸರಿಯಾದ ಉದಾಹರಣೆ. ಅಲ್ಲಿ ಎರಿ ಮಣ್ಣಿನ ಧೂಳೂ ಸೇರಿಕೊಳ್ಳುತ್ತದೆ. ಬೆಳಗ್ಗೆ ಬೇಗ ಹೊಡೆಯಿರಿ. ದೊಡ್ಡ ರಟ್ಟಿನ ಡಬ್ಬಿಯನ್ನು ಅಡ್ಡ ಮಲಗಿಸಿ, ಒಳಗೆ ರಾಕೆಟ್ ನಿಲ್ಲಿಸಿದರೆ ಗಾಳಿ ಧೂಳು ಎರಡೂ ತಡೆಯುತ್ತದೆ.

ಬಣ್ಣ ಅಲ್ಲಲ್ಲಿ ದುಂಡಗೆ ಸರಿದು ಸಣ್ಣ ಕುಳಿ ಬಿಟ್ಟಿದ್ದರೆ ಎಣ್ಣೆ. ಗಿರಮಿಟ್ಟು ಮಿರ್ಚಿ ತಿಂದ ಕೈಯನ್ನು ಬಟ್ಟೆಗೆ ಒರೆಸಿ ರಾಕೆಟ್ ಹಿಡಿದರೆ ಸಾಕು, ಬೆರಳು ಕೂತಲ್ಲೆಲ್ಲ ಕುಳಿ. ತಲೆಗೆ ಹಚ್ಚಿದ ಕೊಬ್ಬರಿ ಎಣ್ಣೆಯೂ ಅಷ್ಟೇ. ಹೊಡೆಯುವ ಮೊದಲು ಕೈ ಸೋಪಿನಿಂದ ತೊಳೆದು, ರಾಕೆಟ್‌ನ ಬಾಲದೊಳಗೆ ಒಂದು ಕಡ್ಡಿ ತೂರಿಸಿ ಅದನ್ನೇ ಹಿಡಿದುಕೊಳ್ಳಿ.

ಪ್ಲಾಸ್ಟಿಕ್ ಮೂತಿಯಿಂದ ಬಣ್ಣ ಹಾಳೆಯಾಗಿ ಎದ್ದರೆ ಅದನ್ನು ತೊಳೆದಿಲ್ಲ. ಅಚ್ಚಿನಿಂದ ಬಿಡಿಸಲು ಬಳಸಿದ ಜಿಡ್ಡು ಅದರ ಮೇಲಿರುತ್ತದೆ. ಪಾತ್ರೆ ಸೋಪಿನಲ್ಲಿ ತೊಳೆದು, ಒಣಗಿಸಿ, ಸ್ವಲ್ಪ ತಿಕ್ಕಿ, ಪ್ರೈಮರ್ ಕೊಟ್ಟು ಆಮೇಲೆ ಬಣ್ಣ. ಪಟ್ಟೆಯ ಅಂಚಿನಲ್ಲಿ ಬಣ್ಣ ನುಸುಳಿದ್ದರೆ ಮಾಸ್ಕಿಂಗ್ ಟೇಪ್‌ನ ಅಂಚನ್ನು ಉಗುರಿನಿಂದ ಒತ್ತಿಲ್ಲ. ಟೇಪ್ ಹಚ್ಚಿದ ಮೇಲೆ ಮೊದಲು ಕೆಳಗಿನ ಬಣ್ಣವನ್ನೇ ಅಂಚಿನ ಮೇಲೆ ತೆಳುವಾಗಿ ಹೊಡೆಯಿರಿ. ನುಸುಳುವುದಿದ್ದರೆ ಅದೇ ನುಸುಳಿ ದಾರಿ ಮುಚ್ಚುತ್ತದೆ.

ಕಟ್ಟಿಗೆಯ ನಾರು, ಕೊಳವೆಯ ಸುರುಳಿ ಗೆರೆ

ಬಣ್ಣದ ಕೆಳಗಿನಿಂದ ನಾರು ಇಣುಕುತ್ತಿದ್ದರೆ ಎಷ್ಟು ಕೋಟ್ ಹೊಡೆದರೂ ಮುಚ್ಚುವುದಿಲ್ಲ. ಬಾಲ್ಸಾ ಬಣ್ಣ ಕುಡಿಯುತ್ತಲೇ ಇರುತ್ತದೆ. ಬಡಿಗ್ಯಾರರು ಕಟ್ಟಿಗೆಯ ರಂಧ್ರ ಮುಚ್ಚಲು ಬಳಸುವ ಸ್ಯಾಂಡಿಂಗ್ ಸೀಲರ್ ಎರಡು ಮೂರು ಸಲ ಹಚ್ಚಿ, ಪ್ರತಿ ಸಲವೂ ತಿಕ್ಕಿದರೆ ರೆಕ್ಕೆ ಪೋಸ್ಟ್‌ಕಾರ್ಡಿನಷ್ಟು ನುಣುಪಾಗುತ್ತದೆ. ಕೊಳವೆಯ ಸುರುಳಿ ಗೆರೆಗೆ ನೀರಾಗಿಸಿದ ಪುಟ್ಟಿ ಸಾಕು.

ಸೀಲರನ್ನು ರೆಕ್ಕೆಯ ಒಂದೇ ಕಡೆ ಹಚ್ಚಬೇಡಿ. ತೆಳ್ಳನೆ ಬಾಲ್ಸಾ ಒಂದು ಮಗ್ಗುಲು ಒದ್ದೆಯಾದರೆ ಹಪ್ಪಳದಂತೆ ಬಾಗುತ್ತದೆ. ಬಾಗಿದ್ದರೆ ಎರಡೂ ಕಡೆ ಸ್ವಲ್ಪ ತೇವ ಮಾಡಿ, ಎರಡು ಪ್ಲಾಸ್ಟಿಕ್ ಹಾಳೆಯ ನಡುವೆ ಇಟ್ಟು, ಮೇಲೆ ದಪ್ಪ ಪುಸ್ತಕ ಹೇರಿ ರಾತ್ರಿಯಿಡೀ ಬಿಡಿ. ಇದು ಕೊಳವೆಗೆ ಅಂಟಿಸುವ ಮೊದಲು ಮಾಡುವ ಕೆಲಸ.

ರೆಕ್ಕೆ ಕಿತ್ತು ಬಂದರೆ ಮುರಿದ ಜಾಗ ಓದಿ

ರೆಕ್ಕೆ ಬಿದ್ದ ಕೂಡಲೇ ಫೆವಿಕ್ವಿಕ್ ಹುಡುಕಬೇಡಿ. ಮುರಿದ ಅಂಚನ್ನು ಬೆಳಕಿಗೆ ಹಿಡಿಯಿರಿ. ಅದರಲ್ಲಿ ಎಲ್ಲ ಬರೆದಿರುತ್ತದೆ.

ಅಂಚಿಗೆ ಒಣಗಿದ ಫೆವಿಕಾಲ್ ಗಾಜಿನಂತೆ ನುಣುಪಾಗಿ ಅಂಟಿಕೊಂಡು ಬಂದಿದ್ದರೆ ಅಂಟು ಕೊಳವೆಯನ್ನು ಹಿಡಿದೇ ಇಲ್ಲ. ಕೊಳವೆಯ ಹೊರಗೆ ಹೊಳೆಯುವ ತೆಳು ಪದರ ಇರುತ್ತದೆ. ಅದನ್ನು ತಿಕ್ಕಿ ಮಂಕು ಮಾಡದೆ ಅಂಟಿಸಿದ್ದೀರಿ. ಕೆಲವರು ಬಣ್ಣ ಹೊಡೆದ ಮೇಲೆ ರೆಕ್ಕೆ ಅಂಟಿಸುತ್ತಾರೆ. ಆಗ ಅಂಟು ಹಿಡಿಯುವುದು ಬಣ್ಣವನ್ನು, ಬಣ್ಣ ಎದ್ದು ಬರುತ್ತದೆ.

ಅಂಚಿನ ಜೊತೆ ಕಾಗದದ ಪದರ ಹರಿದು ಬಂದಿದ್ದರೆ ಸಮಾಧಾನ ಪಡಿ. ಅಂಟು ತನ್ನ ಕೆಲಸ ಮಾಡಿದೆ, ಕಾಗದ ಸೋತಿದೆ. ರೆಕ್ಕೆ ಕೊಳವೆಗೆ ಕೂಡುವ ಬೇರಿನ ಎರಡೂ ಕಡೆ ಫೆವಿಕಾಲ್ ಎಳೆದು, ಬೆರಳಿಂದ ಒಮ್ಮೆ ಸವರಿ ಸಣ್ಣ ಇಳಿಜಾರು ಮಾಡಿ. ಹೊರೆ ಹಂಚಿಕೊಳ್ಳುತ್ತದೆ.

ಅಂಟಿನ ಜಾಗ ಗಟ್ಟಿಯಾಗಿದ್ದು, ಅದರಿಂದ ಸ್ವಲ್ಪ ಮೇಲೆ ಕಟ್ಟಿಗೆಯೇ ನೇರ ಗೆರೆಯಲ್ಲಿ ಸೀಳಿದ್ದರೆ ನಾರಿನ ದಿಕ್ಕು ತಪ್ಪಿದೆ. ನಾರು ರೆಕ್ಕೆಯ ಮುಂದಿನ ಅಂಚಿಗೆ ಸಮವಾಗಿ, ಕೊಳವೆಯಿಂದ ಹೊರಕ್ಕೆ ಹೋಗಬೇಕು. ಕೊಳವೆಗೆ ಸಮವಾಗಿದ್ದರೆ ಸೌದೆ ಸೀಳಿದಂತೆ ಸೀಳುತ್ತದೆ. ಅದನ್ನು ಅಂಟಿಸಬೇಡಿ, ಹೊಸದು ಕತ್ತರಿಸಿ.

ಸೊಟ್ಟ ರೆಕ್ಕೆಯ ಮೂಲ ಬಹುಪಾಲು ಗುರುತು ಹಾಕುವುದರಲ್ಲೇ ಇರುತ್ತದೆ. ಕೊಳವೆಗೆ ಕಾಗದದ ಪಟ್ಟಿ ಸುತ್ತಿ, ಸುತ್ತಳತೆ ತೆಗೆದು, ಸಮ ಭಾಗ ಮಾಡಿ. 24.8 ಮಿಲಿಮೀಟರ್ ಕೊಳವೆಯಾದರೆ ಸುತ್ತಳತೆ ಸುಮಾರು 78, ಮೂರು ರೆಕ್ಕೆಗೆ 26ಕ್ಕೊಂದು ಗುರುತು. ಉದ್ದದ ಗೆರೆಗೆ ಸ್ಕೇಲ್ ಜಾರುತ್ತದೆ. ಬಾಗಿಲ ಚೌಕಟ್ಟಿನ ಮೂಲೆಯಲ್ಲಿ ಕೊಳವೆ ಒತ್ತಿ ಹಿಡಿದು, ಕಟ್ಟಿಗೆಯ ಅಂಚಿಗೆ ಪೆನ್ಸಿಲ್ ತಾಗಿಸಿ ಎಳೆದರೆ ನೇರ ಬರುತ್ತದೆ. ಈಗಾಗಲೇ ಸೊಟ್ಟಗೆ ಒಣಗಿದ್ದರೆ ಬೇರಿನುದ್ದಕ್ಕೂ ಹೊಸ ಬ್ಲೇಡ್ ಎಳೆದು ಬಿಡಿಸಿ, ತಿಕ್ಕಿ, ಮತ್ತೆ ಅಂಟಿಸಿ. ಬಗ್ಗಿಸಿ ನೇರ ಮಾಡಲು ಹೋದರೆ ಕೊಳವೆಯೇ ಹರಿಯುತ್ತದೆ.

ಮೋಟಾರ್ ನಳಿಕೆ ಅರ್ಧಕ್ಕೆ ನಿಂತರೆ

ಇದು ಬಣ್ಣಕ್ಕೆ ಮೊದಲೇ ಆಗುವ ಅಪಘಾತ. ಉಂಗುರಕ್ಕೆ ಫೆವಿಕಾಲ್ ಹಚ್ಚಿ ಒಳಗೆ ದೂಡುತ್ತೀರಿ, ಸರಿ ಇದೆಯಾ ಅಂತ ನೋಡಲು ಒಂದು ಕ್ಷಣ ನಿಲ್ಲುತ್ತೀರಿ, ಅಲ್ಲಿಗೆ ಮುಗಿಯಿತು. ಅಂಟಿನ ನೀರನ್ನು ಕಾಗದ ಹೀರಿ ಉಬ್ಬುತ್ತದೆ. ಕೆಲವೇ ಸೆಕೆಂಡಿನಲ್ಲಿ ಕಚ್ಚಿಕೊಳ್ಳುತ್ತದೆ.

ಸುತ್ತಿಗೆ ಬೇಡ. ಹಿಂದಿನ ಉಂಗುರ ಕೊಳವೆಯೊಳಗೆ ಹೋಗಿದ್ದರೆ ಹಾಗೇ ಬಿಡಿ, ಅದರ ಸುತ್ತ ಇನ್ನಷ್ಟು ಅಂಟು ಎಳೆಯಿರಿ. ನಳಿಕೆ ಒಂದಿಷ್ಟು ಹೊರಗೆ ಚಾಚಿದರೆ ನೋಡಲು ಚೆಂದ ಇರಲಿಕ್ಕಿಲ್ಲ, ಕೆಲಸಕ್ಕೆ ಬರುತ್ತದೆ. ಉಂಗುರವೇ ಹೊರಗುಳಿದಿದ್ದರೆ ಕೊಳವೆ ಕತ್ತರಿಸಿ ಜೋಡು ಹಾಕಬೇಕು.

ಆಗದಂತೆ ನೋಡಿಕೊಳ್ಳುವುದು ಸುಲಭ. ಅಂಟಿಲ್ಲದೆ ಮೊದಲು ಹಾಕಿ ತೆಗೆದು ನೋಡಿ. ಸಲೀಸಾಗಿ ಜಾರುವವರೆಗೆ ಉಂಗುರದ ಅಂಚು ತಿಕ್ಕಿ. ಅಂಟನ್ನು ಕಡ್ಡಿಯಿಂದ ಕೊಳವೆಯ ಒಳಗೋಡೆಗೆ ಹಚ್ಚಿ. ಎಷ್ಟು ಆಳಕ್ಕೆ ಹೋಗಬೇಕು ಅಂತ ನಳಿಕೆಯ ಮೇಲೆ ಗೆರೆ ಹಾಕಿ, ಒಂದೇ ಉಸಿರಿಗೆ ದೂಡಿ. ಕೈ ನಡುಗುವ ಮಕ್ಕಳಿಗೆ ಅರಾಲ್ಡೈಟ್ ಒಳ್ಳೆಯದು. ನೀರಿಲ್ಲದ ಅಂಟು ಅದು, ಸಾವಕಾಶ ಕೊಡುತ್ತದೆ.

ಮೂತಿ ಬಿಗಿ, ಪ್ಯಾರಾಚೂಟ್ ಹೊರಬರದು

ಮೋಟಾರ್‌ನ ಮೇಲೆ ಎ8-3 ಅಂತ ಬರೆದಿದ್ದರೆ, ಎ ಅಂದರೆ ಒಟ್ಟು ನೂಕು 2.5 ನ್ಯೂಟನ್-ಸೆಕೆಂಡ್‌ವರೆಗೆ, 8 ಅಂದರೆ ಸರಾಸರಿ ತಳ್ಳುವ ಬಲ 8 ನ್ಯೂಟನ್, 3 ಅಂದರೆ ಉರಿ ಮುಗಿದು ಮೂರು ಸೆಕೆಂಡಿಗೆ ಸಣ್ಣ ಮದ್ದು ಸಿಡಿದು ಗಾಳಿ ಮುಂದಕ್ಕೆ ನುಗ್ಗುತ್ತದೆ. ಆ ಗಾಳಿ ಮೂತಿಯನ್ನು ಹೊರಗೆ ತಳ್ಳಬೇಕು. ಮೂತಿ ಬಿಗಿಯಾಗಿದ್ದರೆ ಪ್ಯಾರಾಚೂಟ್ ಬಿಚ್ಚುವುದಿಲ್ಲ, ರಾಕೆಟ್ ಈಟಿಯಂತೆ ನೆಲಕ್ಕೆ ಬರುತ್ತದೆ. ಎಲ್ಲ ದೋಷಗಳಲ್ಲಿ ನಾನು ಹೆದರುವುದು ಇದಕ್ಕೇ.

ತೆಗೆಯುವಾಗ ಕೊಳವೆಯ ನಡುವೆ ಹಿಡಿಯಬೇಡಿ, ಕುಸಿಯುತ್ತದೆ. ಬಾಯಿಯ ಹತ್ತಿರವೇ ಹಿಡಿದು ನಿಧಾನ ತಿರುಗಿಸಿ. ಹೊರಬಂದ ಮೇಲೆ ಒಳಗೆ ಕೂರುವ ಭಾಗ ನೋಡಿ. ಅದರ ಮೇಲೆ ಬಣ್ಣದ ಉಂಗುರ ಇದ್ದರೆ ಹೊಡೆಯುವಾಗ ಅಲ್ಲಿ ಟೇಪ್ ಸುತ್ತಿಲ್ಲ. ಬಣ್ಣ ತಿಕ್ಕಿ ತೆಗೆದರೆ ಮುಗಿಯಿತು. ಬಣ್ಣ ಇಲ್ಲದೆಯೂ ಬಿಗಿ ಇದ್ದರೆ ಕಟ್ಟಿಗೆ, ಕಾಗದ ತೇವಕ್ಕೆ ಉಬ್ಬಿವೆ. ಆಗ ತಿಕ್ಕಲು ಆತುರ ಮಾಡಬೇಡಿ. ಶ್ರಾವಣದಲ್ಲಿ ತಿಕ್ಕಿದ ಮೂತಿ ಮಾರ್ಚ್‌ನಲ್ಲಿ ಲಡಬಡ ಅನ್ನುತ್ತದೆ. ಎರಡು ದಿನ ಅಕ್ಕಿ ಡಬ್ಬಿಯಲ್ಲಿಟ್ಟು ನೋಡಿ. ಸಡಿಲಾದ ಮೂತಿಗೆ ಮಾಸ್ಕಿಂಗ್ ಟೇಪಿನ ಒಂದು ಸುತ್ತು. ತಲೆಕೆಳಗೆ ಹಿಡಿದರೆ ಬೀಳಬಾರದು, ಮೆಲ್ಲಗೆ ಎಳೆದರೆ ಬರಬೇಕು. ಅದೇ ಅಳತೆ.

ನಮ್ಮ ಹುಡುಗಿಯದರಲ್ಲಿ ಎರಡೂ ಇತ್ತು. ಕೆಂಪು ಉಂಗುರ ಒಂದು, ಬಾಲ್ಸಾ ಉಬ್ಬಿದ್ದು ಇನ್ನೊಂದು. ಬಣ್ಣವನ್ನಷ್ಟೇ ತೆಗೆದು ಉಳಿದದ್ದನ್ನು ಅಕ್ಕಿ ಡಬ್ಬಿಗೆ ಬಿಟ್ಟೆವು.

ಪ್ಯಾರಾಚೂಟ್ ತಿಂಗಳುಗಟ್ಟಲೆ ಮಡಿಚಿಟ್ಟರೆ ಪ್ಲಾಸ್ಟಿಕ್ ತನಗೆ ತಾನೇ ಅಂಟಿಕೊಳ್ಳುತ್ತದೆ. ಮುಖಕ್ಕೆ ಹಚ್ಚುವ ಪೌಡರ್ ಉದುರಿಸಿ ಹೊಸದಾಗಿ ಮಡಿಚಿ. ಲಾಂಚ್ ಲಗ್‌ನೊಳಗೆ ಬಣ್ಣ ಕಟ್ಟಿದೆಯೇ ಅಂತ ರಾಡ್ ತೂರಿಸಿ ನೋಡಿ, ತಡೆದರೆ ಪೇಪರ್ ಸುರುಳಿ ಮಾಡಿ ಒಳಗೆ ಆಡಿಸಿ.

ಎಲ್ಲ ಸರಿಯಾದ ಮೇಲೆ ಬೆಂಕಿಯಿಲ್ಲದ ಪರೀಕ್ಷೆ: ಮೋಟಾರ್ ಒಮ್ಮೆಯೂ ಬಳಸದ ರಾಕೆಟ್ ಆದರೆ, ಪ್ಯಾರಾಚೂಟ್ ತುಂಬಿ ಮೂತಿ ಹಾಕಿ, ಬಾಲದ ಕಡೆಯಿಂದ ಜೋರಾಗಿ ಊದಿ. ಮೂತಿ ಹಾರಬೇಕು.

ದಾರ ಕಟ್ಟಿ ತಿರುಗಿಸುವುದು

ಬಣ್ಣಕ್ಕೂ ಹಾರಾಟಕ್ಕೂ ನೇರ ನಂಟಿದೆ ಅಂತ ಕಾಣುವುದು ಇಲ್ಲಿ. ರಾಕೆಟ್‌ನ ತೂಕದ ನಡುಬಿಂದು, ಗಾಳಿ ಒತ್ತುವ ನಡುಬಿಂದುವಿಗಿಂತ ಕನಿಷ್ಠ ಕೊಳವೆಯ ಒಂದು ದಪ್ಪದಷ್ಟು ಮುಂದೆ ಇರಬೇಕು. ರೆಕ್ಕೆಗೆ ಪುಟ್ಟಿ, ಬಣ್ಣ ಬಳಿದಷ್ಟೂ ಬಾಲ ಭಾರವಾಗಿ ತೂಕದ ಬಿಂದು ಹಿಂದೆ ಸರಿಯುತ್ತದೆ. ಮೂಗಿಗಿಂತ ಮೂಗುತಿ ಭಾರ ಆಗಬಾರದು.

ಮೋಟಾರ್ ಜಾಗದಲ್ಲಿ ಅಷ್ಟೇ ತೂಕದ ಜೇಡಿಮಣ್ಣು ಇಟ್ಟು, ಪ್ಯಾರಾಚೂಟ್ ತುಂಬಿ, ಬೆರಳ ಮೇಲೆ ಸಮತೂಗುವ ಜಾಗದಲ್ಲಿ ದಾರ ಕಟ್ಟಿ. ಜಾರದಂತೆ ಟೇಪ್ ಹಚ್ಚಿ. ಎರಡು ಮೀಟರ್ ದಾರ ಹಿಡಿದು ಮಾಳಿಗೆಯ ಮೇಲೆ ತಲೆಯ ಸುತ್ತ ತಿರುಗಿಸಿ. ಮೂತಿ ಮುಂದಾಗಿ ಹೋದರೆ ಸರಿ. ಬಾಲ ಮುಂದಾದರೆ, ಅಥವಾ ಅಡ್ಡಾಡಿದರೆ, ಮೂತಿಯೊಳಗೆ ಚೂರು ಚೂರೇ ಜೇಡಿಮಣ್ಣು ಸೇರಿಸುತ್ತ ಮತ್ತೆ ತಿರುಗಿಸಿ.

ಶ್ರಾವಣದಲ್ಲಿ ಮೊದಲ ಸಲ ತಿರುಗಿಸಿದಾಗ ಅವಳ ರಾಕೆಟ್ ಅಡ್ಡಡ್ಡ ತೇಲಿತು. ರೆಕ್ಕೆಗಳ ಮೇಲೆ ಪುಟ್ಟಿ ಅಷ್ಟು ದಪ್ಪ ಇತ್ತು. ಮೂತಿಗೆ ಮಣ್ಣು ಸೇರಿಸುವ ಮೊದಲು ರೆಕ್ಕೆಗಳನ್ನು ತಿಕ್ಕಿ ಇಳಿಸೋಣ ಅಂದೆ. ಸುಕ್ಕು ತೆಗೆಯಲು ಹೇಗೂ ತಿಕ್ಕಬೇಕಿತ್ತು. ರಾಕೆಟನ್ನು ನಮ್ಮಲ್ಲೇ ಬಿಟ್ಟು ಹೋದಳು. ದೀಪಾವಳಿ ರಜೆಗೆ ಬಂದಾಗ ಗಾಳಿ ಒಣಗಿತ್ತು. ಮೂರೂ ರೆಕ್ಕೆ ಕಟ್ಟಿಗೆ ಕಾಣುವವರೆಗೆ ತಿಕ್ಕಿ, ಸೀಲರ್ ಹಚ್ಚಿ, ಬೂದು ಪ್ರೈಮರ್ ಕೊಟ್ಟು, ಒಂದು ದಿನ ಬಿಟ್ಟು ಕೆಂಪು ಹೊಡೆದಳು. ಮೂರು ತೆಳು ಕೋಟ್, ಎಲ್ಲವೂ ಒಂದೇ ಡಬ್ಬಿಯಿಂದ. ಮೂತಿಯ ಒಳಭಾಗಕ್ಕೆ ಟೇಪ್ ಸುತ್ತಲು ನಾನು ನೆನಪಿಸಬೇಕಾಗಲಿಲ್ಲ.

ಮರುದಿನ ಮಾಳಿಗೆಯ ಮೇಲೆ ದಾರ ಕಟ್ಟಿ ತಿರುಗಿಸಿದಳು. ಎರಡು ಸುತ್ತು ಓಲಾಡಿ ಮೂತಿ ಮುಂದಾಯಿತು, ಹಾಗೇ ಉಳಿಯಿತು. ದಾರ ಬಿಚ್ಚಿ ಬಾಲದಿಂದ ಊದಿದಳು. ಟಪ್ ಅಂತ ಮೂತಿ ಹಾರಿ, ಪೌಡರ್ ಹಚ್ಚಿದ ಪ್ಯಾರಾಚೂಟ್ ಅಕ್ಕ ಒಣಹಾಕಿದ್ದ ಹಪ್ಪಳದ ಪಕ್ಕ ಬಿಚ್ಚಿಕೊಂಡಿತು.